ಬೆಲ್ಲ ಬಿದ್ದ ಹುಗ್ಗಿ

ತೀರಿಕೊಂಡ ಆಶಾರಾಣಿಯ ಶಿವಗಣಾರಾಧನೆಯ ದಿನ, ಊಟಕ್ಕೆ ಮುಂಚೆ, ಅವಳ ಗಂಡ ನಾಗಭೂಷಣ್ ಎದ್ದು ನಿಂತು ಎರಡು ಮಾತಾಡಿದ. ತನ್ನ ಹೆಂಡತಿ ಈ ಮನೆಯೇ ಸರ್ವಸ್ವ ಎಂದು ಬಾಳಿದವಳು, ಅತ್ತೆಯನ್ನು ಹೆತ್ತ ತಾಯಿಯಂತೆ ಕಂಡವಳು ಎಂದ. ಅವನ ತಾಯಿ ಬಸವಣ್ಣೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಎಲೆಗೆ ಕೂರದೆ ಎದ್ದು ಬಂದೆ. ಅವಳನ್ನು ಕೊಂದದ್ದು ಕಾಮಾಲೆ. ಅದಕ್ಕೆ ಆ ಮನೆಯವರನ್ನು ದೂರುವುದಿಲ್ಲ. ಆದರೆ ಅವಳ ಬದುಕನ್ನು ಹೀಗೆ ತಿದ್ದಿ ಹೇಳುವುದನ್ನು ಕೇಳಿಕೊಂಡು ಹೋಳಿಗೆ ತಿನ್ನಲು ನನ್ನಿಂದಾಗದು.

ಹರಿಹರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಅವಳು ವಿಜ್ಞಾನ ಪಾಠ ಹೇಳುತ್ತಿದ್ದಳು, ನಾನು ಕನ್ನಡ. ಬೆಳಿಗ್ಗೆ ದಾವಣಗೆರೆಯಿಂದ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಮೃದು ಹೆಣ್ಣಲ್ಲ ಅವಳು. ಕಂಡಕ್ಟರ್ ಚಿಲ್ಲರೆ ಉಳಿಸಿಕೊಂಡರೆ ಇಳಿಯುವವರೆಗೂ ಬಿಡುತ್ತಿರಲಿಲ್ಲ. ತಪ್ಪು ಉತ್ತರ ಬರೆದವರನ್ನು ಬೈಯುತ್ತಿದ್ದಳು, ಉತ್ತರವನ್ನೇ ಬರೆಯದವರನ್ನು ಇನ್ನೂ ಹೆಚ್ಚು. ಆದರೆ ಪ್ರಯೋಗದ ದಿನ ಹಿಂದಿನ ಬೆಂಚಿನ ಹುಡುಗಿಯರ ಕೈಗೇ ಬೆಂಕಿಕಡ್ಡಿ ಕೊಡುತ್ತಿದ್ದಳು. ಆ ಪ್ರಯೋಗದ ಕೋಣೆ ಬಿಟ್ಟರೆ ತನಗೆ ಉಸಿರಾಡಲು ಬೇರೆ ಜಾಗವಿಲ್ಲ ಎಂದು ಒಮ್ಮೆ ನನಗೆ ಹೇಳಿದ್ದಳು.

ಮದುವೆಯ ಮಾತುಕತೆಯಲ್ಲಿ ಕೆಲಸಕ್ಕೆ ಯಾರೂ ಅಡ್ಡಿ ಹೇಳಿರಲಿಲ್ಲ. ದೇವರಾಜ ಅರಸು ಬಡಾವಣೆಯ ಆ ಮನೆಗೆ ಬಂದ ಮೇಲೆ ಅತ್ತೆ ಷರತ್ತು ಹಾಕಿದರು.

"ದೀಪ ಹಚ್ಚೋ ಹೊತ್ತಿಗೆ ಬಿಸಿ ಅಡಿಗಿ ಆಗಿರಬೇಕು. ರೊಟ್ಟಿ ನಾ ಬಡೀತೀನಿ. ಸಾರು, ಪಲ್ಯ ನಿಂದು. ಬೆಳಿಗ್ಗೆ ಮಾಡಿಟ್ಟಿದ್ದು ಈ ಮನ್ಯಾಗ ಸಂಜಿಗೆ ಯಾರೂ ಉಣ್ಣಲ್ಲ. ಅದು ತಂಗಳು. ಆಗಲ್ಲ ಅಂದ್ರ ಕೆಲಸ ಬಿಡು."

ಬಸ್ಸು ತಡವಾದ ದಿನವೆಲ್ಲ ಈ ಮಾತು ಮತ್ತೆ ಬರುತ್ತಿತ್ತು. ನಾಗಭೂಷಣ್ ಪೇಪರಿನಿಂದ ತಲೆ ಎತ್ತದೆ, "ಅವ್ವ ಹೇಳೋದ್ರಾಗ ತಪ್ಪೇನೈತೆ?" ಎನ್ನುತ್ತಿದ್ದ.

ತೊಂಬತ್ತೆಂಟರ ಬೇಸಿಗೆಯಲ್ಲಿ ಅವಳ ಅಣ್ಣ ಮಸ್ಕತ್ತಿನಿಂದ ಒಂದು ಸ್ಲೋ ಕುಕ್ಕರ್ ತಂದುಕೊಟ್ಟ. ದಪ್ಪ ಪಿಂಗಾಣಿ ಪಾತ್ರೆ, ಗಾಜಿನ ಮುಚ್ಚಳ, ಸುತ್ತ ಕರೆಂಟಿನ ಸಣ್ಣ ಶಾಖ. ಬೆಳಿಗ್ಗೆ ಹಾಕಿ ಹೋದರೆ ಬೇಯುತ್ತ ಬೇಯುತ್ತ ಸಂಜೆಗೆ ಬಿಸಿಬಿಸಿಯಾಗಿ ಸಿದ್ಧವಾಗುತ್ತದೆ. ಅದು ತಂಗಳಲ್ಲ, ಒಲೆಯ ಮೇಲೇ ಇರುವ ಅಡಿಗೆ. ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯ ತುಂಬ ಓವನ್ನಿನಲ್ಲಿ ಸುಡುವ ಮಾಂಸದ ಅಡಿಗೆಗಳನ್ನು ಇದಕ್ಕೆ ಒಗ್ಗಿಸುವ ಬಗೆ.

"ಇದ್ರಾಗ ನಮ್ಮ ಲಿಂಗವಂತರ ಮನಿಗೆ ಆಗೋದು ನೀರು, ಉಪ್ಪು ಎರಡೇ ನೋಡು ವಾಣಿ," ಎಂದು ಆಶಾ ನನಗೆ ತೋರಿಸಿ ನಕ್ಕಳು. ಉಳಿದದ್ದನ್ನು ಅವಳೇ ಕಂಡುಹಿಡಿಯಬೇಕಾಯಿತು.

ಮೊದಲ ದಿನ ಒಲೆಗೆ ಹಾಕುವಷ್ಟೇ ನೀರು ಹಾಕಿದಳು. ಒಲೆಯ ಮೇಲಾದರೆ ಅರ್ಧ ನೀರು ಹಬೆಯಾಗಿ ಹೋಗುತ್ತದೆ. ಇಲ್ಲಿ ಹಬೆ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಒಳಕ್ಕೇ ಬೀಳುತ್ತದೆ.

"ಸಾರೇನವ್ವ ಇದು? ಬ್ಯಾಳಿ ಈಜಾಡಾಕ ಬಿಟ್ಟೀಯೇನು?" ಎಂದರು ಅತ್ತೆ.

ಮರುದಿನ ನೀರು ಅರ್ಧಕ್ಕಿಳಿಸಿದಳು. ಬೇಳೆಯ ಜೊತೆಗೇ ಹುಣಸೆ ಹಾಕಿದ್ದರಿಂದ ಬೇಳೆ ಬೇಯಲಿಲ್ಲ. ಅಂದಿನಿಂದ ಹುಣಸೆಹುಳಿ ಕೊನೆಗೆ ಬಂತು. ಒಗ್ಗರಣೆಯ ಬೆಳ್ಳುಳ್ಳಿ, ಕರಿಬೇವು ಇಡೀ ದಿನ ಕುದಿದು ಘಮ ಕಳೆದುಕೊಳ್ಳುತ್ತವೆ ಎಂದು ಗೊತ್ತಾದ ಮೇಲೆ ಒಗ್ಗರಣೆ ಸಂಜೆ ಗ್ಯಾಸಿನ ಮೇಲೆ. ಎಣ್ಣೆಗಾಯಿಯ ಬದನೆಯನ್ನು ಬೆಳಿಗ್ಗೆ ಬಾಣಲೆಯಲ್ಲಿ ಬಾಡಿಸಿಕೊಂಡು, ಗಟ್ಟಿ ತರಕಾರಿ ತಳಕ್ಕೆ, ಬದನೆ ಮೇಲಕ್ಕೆ. ಮುಚ್ಚಳ ಮಾತ್ರ ತೆಗೆಯಬಾರದು. ಒಮ್ಮೆ ತೆಗೆದರೆ ಹೋದ ಶಾಖ ತಿರುಗಿ ಬರಲು ಬಹಳ ಹೊತ್ತು ಬೇಕು. ಅತ್ತೆ ಬೇಕೆಂದೇ ತೆಗೆಯುತ್ತಿದ್ದರು. "ನನ್ನ ಮನ್ಯಾಗ ನಾ ಮುಚ್ಚಳ ತೆಗೀಬಾರದೇನು?" ಅವಳು ಅದಕ್ಕೂ ಲೆಕ್ಕ ಹಿಡಿದು ಇನ್ನೂ ಬೇಗ ಎದ್ದು ಅಡಿಗೆ ಹಾಕತೊಡಗಿದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಸಾರಿನಲ್ಲಿ ಕೊಂಕು ತೆಗೆಯಲು ಅತ್ತೆಗೆ ಏನೂ ಸಿಗದಂತಾಯಿತು. ಗೆದ್ದೆನೆಂದು ಆಶಾ ತಿಳಿದಳು.

ಶ್ರಾವಣ ಸೋಮವಾರ ಅವರ ಮನೆಯಲ್ಲಿ ಹಗಲು ಉಪವಾಸ. ಸಂಜೆ ಮಠದ ಅಯ್ಯನವರನ್ನು ಕರೆಸಿ, ಪಾದಪೂಜೆ ಮಾಡಿ, ಪ್ರಸಾದಕ್ಕೆ ಕೂರಿಸುತ್ತಾರೆ. ಗೋಧಿ ಹುಗ್ಗಿ ಆಗಲೇಬೇಕು.

"ಅವತ್ತು ರಜಾ ಹಾಕು," ಎಂದರು ಬಸವಣ್ಣೆಮ್ಮ.

"ಅವತ್ತು ಪರೀಕ್ಷೆ ಐತೆ. ಹುಗ್ಗಿ ಕುಕ್ಕರ್‌ನ್ಯಾಗ ಆಗ್ತೈತೆ ಅತ್ತೆ."

"ಆಗಲಿಲ್ಲ ಅಂದ್ರ?"

"ಆಗಲಿಲ್ಲ ಅಂದ್ರ ನೀವು ಹೇಳಿದಂಗ ಕೇಳ್ತೀನಿ."

ಆ ಮಾತಾಡಬಾರದಿತ್ತು. ನಾಗಭೂಷಣ್ ಎದುರಿಗೇ ಆಡಿದಳು.

ಆ ಸೋಮವಾರ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ರಾತ್ರಿಯೇ ನೆನೆಸಿದ್ದ ಕುಟ್ಟಿದ ಗೋಧಿಯನ್ನು ನೀರು ಅಳೆದು ಕುಕ್ಕರಿಗೆ ಹಾಕಿದಳು. ಬೆಲ್ಲ, ಹಾಲು, ಏಲಕ್ಕಿ ಬೇರೆ ತೆಗೆದಿಟ್ಟಳು. ಬೆಲ್ಲದ ನೀರಿನಲ್ಲಿ ಗೋಧಿ ಬೇಯದು. ಅರಳಿ ಮೆತ್ತಗಾದ ಮೇಲೇ ಬೆಲ್ಲ ಬೀಳಬೇಕು. ಹುಗ್ಗಿ ಮಾಡುವ ಎಲ್ಲ ಹೆಂಗಸರಿಗೂ ಗೊತ್ತಿರುವ ಮಾತು ಇದು.

ಸಂಜೆ ನಾನೂ ಅವಳ ಜೊತೆ ಹೋಗಿದ್ದೆ. ನಾವು ತಲುಪುವಾಗ ಅಯ್ಯನವರು ತಟ್ಟೆಯ ಮುಂದೆ ಕೂತಾಗಿತ್ತು. "ಬೆಲ್ಲ, ಹಾಲು ನಾನೇ ಹಾಕೀನಿ, ನೀ ಬಡಿಸು," ಎಂದರು ಅತ್ತೆ. ಆಶಾ ಕೈಕಾಲು ತೊಳೆದು ಬಂದು ಬಡಿಸಿದಳು.

ಮೊದಲ ತುತ್ತಿಗೇ ಅಯ್ಯನವರ ದವಡೆ ನಿಂತಿತು. ಕಾಳು ಕಾಳಾಗಿತ್ತು ಗೋಧಿ. ಪ್ರಸಾದ ಬಿಡುವಂತಿಲ್ಲ. ತಟ್ಟೆ ತೊಳೆದ ನೀರನ್ನೂ ಕುಡಿಯುವವರು ಅವರು. ಆ ಹಿರಿಯರು ಕಣ್ಣು ಮುಚ್ಚಿ ಒಂದೊಂದೇ ಕಾಳು ಜಗಿದರು. ಪಕ್ಕದಲ್ಲಿ ಕೂತ ನೆಂಟರೂ ಜಗಿದರು. ಮನೆಯಲ್ಲಿ ಆ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಯಂತ್ರದ ಅಡಿಗಿ ನೋಡ್ರಿ ಅಯ್ಯನೋರ," ಎಂದರು ಬಸವಣ್ಣೆಮ್ಮ. "ಕೆಲಸಕ್ಕ ಹೋಗೋ ಸೊಸಿ. ನಾ ಏನು ಮಾಡಲಿ."

ಎಲ್ಲರೂ ಹೋದ ಮೇಲೆ ಆಶಾ ಒಂದು ಕಾಳನ್ನು ಹಲ್ಲಿನಿಂದ ಒಡೆದು ನೋಡಿದಳು. ಅದು ಅರಳಿಯೇ ಇರಲಿಲ್ಲ.

"ಬೆಲ್ಲ ಯಾವಾಗ ಹಾಕಿದ್ರಿ ಅತ್ತೆ?"

"ನೀ ಬಸ್ ಹತ್ತಾಕ ಹೋದ ಮ್ಯಾಲೆ."

"ಬೇಯಲ್ಲ ಅಂತ ಗೊತ್ತಿರಲಿಲ್ಲೇನು?"

"ನಲವತ್ತು ವರ್ಷ ಹುಗ್ಗಿ ಮಾಡೀನಿ. ನನಗ ಗೊತ್ತಿಲ್ಲೇನು?"

ನಾನಿದ್ದೇನೆಂಬ ಅಂಜಿಕೆಯೂ ಆಕೆಗಿರಲಿಲ್ಲ. ಆಶಾ ಗಂಡನ ಕಡೆ ತಿರುಗಿದಳು. ಅವನು ಎಲ್ಲವನ್ನೂ ಕೇಳಿದ್ದ. "ಮಾತು ಕೊಟ್ಟಿದ್ದೀ," ಎಂದ. "ಆಗಲಿಲ್ಲ ಅಂದ್ರ ಕೇಳ್ತೀನಿ ಅಂದಿದ್ದಿ."

"ಹುಗ್ಗಿ ಆಗಲಿಲ್ಲ ಅಂದ್ರ ಅಂದಿದ್ದೆ. ಆಗಾಕ ಬಿಡಲಿಲ್ಲ ಅಂದ್ರ ಅನ್ನಲಿಲ್ಲ."

"ಬಿಸಿ ಅಡಿಗಿ ಇಲ್ಲ ಅಂದ್ರ ಕೆಲಸ ಇಲ್ಲ. ಅದಂತೂ ಖರೆ."

"ಬಿಸಿ ಅಡಿಗಿ ಇರ್ತೈತೆ ಬಿಡ್ರಿ," ಎಂದಳು.

ಮರುದಿನ ಬೆಳಿಗ್ಗೆ ಅವಳು ಕುಕ್ಕರನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದಳು, ಶಾಲೆಯ ಸ್ಟಾಫ್ ರೂಮಿನಲ್ಲಿ ಅದನ್ನು ಕರೆಂಟಿಗೆ ಹಚ್ಚಿದಳು. ಹೆಡ್‌ಮಾಸ್ಟರ್ ಕೆಂಚವೀರಪ್ಪನವರು ಮೊದಲು ಗೊಣಗಿದರು, ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಅವರೆಕಾಳಿನ ವಾಸನೆಗೆ ಸುಮ್ಮನಾದರು. ಸ್ಟಾಫ್ ರೂಮಿನಲ್ಲಿ ಯಾರೂ ಮುಚ್ಚಳ ಮುಟ್ಟಲಿಲ್ಲ. ಕರೆಂಟು ಹೋದಾಗ ಅದಕ್ಕೊಂದು ಹಳೆಯ ಕಂಬಳಿ ಹೊದಿಸುತ್ತಿದ್ದೆವು. ಆ ಮೊದಲ ದಿನ ಸಂಜೆ ಪಾತ್ರೆಗೆ ಟವೆಲ್ ಸುತ್ತಿ ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಗೆ ಬಂದಳು.

"ಎಲ್ಲಿ ಬೇಯಿಸಿದ್ದು?" ಎಂದರು ಬಸವಣ್ಣೆಮ್ಮ.

"ಸ್ಕೂಲ್‌ನ್ಯಾಗ."

"ಹೊರಗ ಬೇಯಿಸಿದ್ದು ನಾ ಉಣ್ಣಂಗಿಲ್ಲ."

"ಉಣಬ್ಯಾಡ್ರಿ. ಬಿಸಿ ಬೇಕು ಅಂದ್ರಿ, ಬಿಸಿ ಐತೆ. ಮುಟ್ಟಿ ನೋಡ್ರಿ."

ನಾಗಭೂಷಣ್ ತಾಯಿಯ ಮುಖ ನೋಡಿದ, ಪಾತ್ರೆ ನೋಡಿದ. ಹಸಿದಿದ್ದ. ಕೂತು ಉಂಡ. ಮಗ ಉಂಡದ್ದನ್ನು ಆಕೆ ಕ್ಷಮಿಸಲಿಲ್ಲ, ರೊಟ್ಟಿಯನ್ನು ತಮಗೊಬ್ಬರಿಗೇ ಬಡಿದುಕೊಳ್ಳತೊಡಗಿದರು. ಒಂದೇ ಅಡಿಗೆಮನೆಯಲ್ಲಿ ಇಬ್ಬರೂ ಮಾತಿಲ್ಲದೆ ಒಂದು ವರ್ಷ ಕಳೆದರು. ಆ ವರ್ಷ ಆಶಾ ತೆಳ್ಳಗಾದಳು, ಇನ್ನಷ್ಟು ಸಿಡುಕಿಯಾದಳು. ನನ್ನ ಮೇಲೂ ರೇಗುತ್ತಿದ್ದಳು. ಕೆಲಸ ಮಾತ್ರ ಬಿಡಲಿಲ್ಲ.

ಕಾಮಾಲೆ ಏರಿ ಆಸ್ಪತ್ರೆ ಸೇರಿದಾಗ ಅವಳು ಮತ್ತೆ ಶಾಲೆಗೆ ಬರುವುದಿಲ್ಲವೆಂದು ಹೇಳಿಬರಲು ನಾಗಭೂಷಣ್ ಹೊರಟ. ನಾನು ಹಾಸಿಗೆಯ ಪಕ್ಕದಲ್ಲಿ ಕೂತಿದ್ದೆ. ಅವಳಿಗೆ ಕಣ್ಣು ಬಿಡಲೂ ಆಗುತ್ತಿರಲಿಲ್ಲ.

"ರಜಾ ಅನ್ರಿ," ಎಂದಳು. "ಬಿಟ್ಟಳು ಅನ್ನಬ್ಯಾಡ್ರಿ."

ಅವನು ಹರಿಹರಕ್ಕೆ ಹೋಗಿ ಕೆಂಚವೀರಪ್ಪನವರಿಗೆ ರಜೆ ಎಂದೇ ಹೇಳಿ ಬಂದ.