ಇಲ್ಲದ ಒಂದು ಅಂಕ

ಊರಿನವರೆಲ್ಲ ಅವರನ್ನು ತಕ್ಕಡಿಯಣ್ಣ ಎಂದೇ ಕರೆಯುತ್ತಿದ್ದರು. ಸಿಮೆಂಟು ಕಾರ್ಖಾನೆಯ ಗೇಟಿನಲ್ಲಿ ಲಾರಿ ತೂಗುವ ಗುಮಾಸ್ತಿಕೆ ಅವರದು. ಲಾರಿ ತೂಕದ ಹಲಗೆ ಹತ್ತುವ ಮುಂಚೆಯೇ ಟೈರು ನೋಡಿ "ಹದಿನೆಂಟೂವರೆ ಟನ್" ಅನ್ನುವರು, ಯಂತ್ರವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿತ್ತು. "ಯಂತ್ರ ಕೆಟ್ರೆ ಕೆಡ್ಲಿ, ತಕ್ಕಡಿಯಣ್ಣ ಕೆಡಬಾರ್ದು" ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರು.

ಶನಿವಾರ ಮಾತ್ರ ಅವರು ಊರಿನ ರಗ್ಬಿ ಕ್ಲಬ್ಬಿಗೆ ಸೇರಿದವರು. ಇಪ್ಪತ್ತಾರು ವರ್ಷ, ಬಿಡಿಗಾಸಿನ ಆಸೆಯಿಲ್ಲದೆ, ಲೀಗಿನ ಅಂಕಗಳ ಲೆಕ್ಕ ಇಟ್ಟರು. ಆಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡಬೇಕು. ಪಂದ್ಯ ಗೆದ್ದರೆ ಲೀಗಿನಲ್ಲಿ ನಾಲ್ಕು ಅಂಕ. ಸೋತರೂ, ಏಳು ಪಾಯಿಂಟಿನೊಳಗೆ ಸೋತರೆ, ಮಾನ ಉಳಿಸಿಕೊಂಡಿರಿ ಎಂದು ಒಂದು ಅಂಕ. ದೊಡ್ಡ ತಂಡಗಳಿಗೆ ಆ ಒಂದಂಕ ಕಾಲಕಸ. ಇವರ ಕ್ಲಬ್ಬು ಅದನ್ನೇ ಒಂದೊಂದಾಗಿ ಕೂಡಿಹಾಕಿಕೊಂಡು ಇಷ್ಟು ವರ್ಷ ಜೀವ ಹಿಡಿದಿತ್ತು. ಉಳಿದ ಊರುಗಳ ಪಂದ್ಯಗಳೂ ಅದೇ ಹೊತ್ತಿಗೆ ನಡೆಯುತ್ತವಲ್ಲ. ತಕ್ಕಡಿಯಣ್ಣ ಕಿವಿಗೆ ಫೋನು ಒತ್ತಿಕೊಂಡು ಬೇಲಿಯ ಬಳಿ ನಿಂತು, ಇನ್ನೆಷ್ಟು ಅಂಕ ಬೇಕೆಂದು ಕಪ್ತಾನನಿಗೆ ಬೆರಳಿನಲ್ಲಿ ತೋರಿಸುವರು. ಅಂಕಣದ ನಡುವೆ ಮಣ್ಣು ಮೆತ್ತಿದ ಮುಖ ಒಮ್ಮೆ ಇತ್ತ ತಿರುಗುತ್ತಿತ್ತು, ಅಷ್ಟೇ. ಚೆಂಡು ನೋಡಲು ಬಂದ ಜನಕ್ಕೆ ಬೇಲಿಯ ಬಳಿ ನಿಂತ ಮುದುಕ ಯಾಕೆ ಬೇಕು?

ಕಪ್ತಾನ ಬೇರೆ ಯಾರೂ ಅಲ್ಲ, ಅವರ ತೀರಿಕೊಂಡ ಅಕ್ಕನ ಮಗ. ಒಂಬತ್ತು ವರ್ಷದವನಿದ್ದಾಗ ಒಂದು ಚೀಲ ಬಟ್ಟೆಯೊಂದಿಗೆ ಮನೆಗೆ ಬಂದವನು. ಮಕ್ಕಳಿಲ್ಲದ ಆ ಮನೆಯಲ್ಲಿ ಬಾಗಿಲು, ಕುರ್ಚಿ, ಸೋರುವ ಟ್ಯಾಂಕು, ಎಲ್ಲಕ್ಕೂ ಡಿಕ್ಕಿ ಹೊಡೆಯುತ್ತ ಬೆಳೆದ. ಮೂವತ್ತನಾಲ್ಕಾಗಿತ್ತು, ಮೊಣಕಾಲು ಹೋಗಿತ್ತು. ಈ ಸೀಸನ್ ಮುಗಿದ ಮೇಲೆ ಅವನನ್ನೇ ಕೋಚ್ ಮಾಡುವುದೆಂದು ಕ್ಲಬ್ಬು ಮಾತು ಕೊಟ್ಟಿತ್ತು. ಆಟ ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಬಾರದು.

ಆ ವರ್ಷವೇ ಲೀಗಿನ ದೊಡ್ಡವರಿಗೆ ಹೊಸ ಬುದ್ಧಿ ಬಂತು. ಹನ್ನೆರಡು ತಂಡ ಜಾಸ್ತಿಯಾಯಿತಂತೆ, ಟೀವಿಯವರಿಗೆ ಬೇಸರವಂತೆ. ಮುಂದಿನ ವರ್ಷದಿಂದ ಎಂಟೇ ತಂಡ, ಕೊನೆಯ ನಾಲ್ಕಕ್ಕೆ ಗೇಟ್‌ಪಾಸ್. ಸಾಲದ್ದಕ್ಕೆ, ಸೋತವರಿಗೆ ಕೊಡುವ ಆ ಒಂದಂಕ ಈ ವರ್ಷದಿಂದಲೇ ರದ್ದು. ಎಂಬತ್ತು ವರ್ಷದ ಕ್ಲಬ್ಬುಗಳನ್ನು ಒಂದು ಮಧ್ಯಾಹ್ನದ ಮೀಟಿಂಗಿನಲ್ಲಿ ಮುಗಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಸುತ್ತೋಲೆಯನ್ನು ಆಟಗಾರರ ಕೋಣೆಯಲ್ಲಿ ಓದಿ ಹೇಳಿದವರು ತಕ್ಕಡಿಯಣ್ಣನೇ. "ಸೋತೋನು ಕಣ್ಣೊರಸ್ಕೊಳ್ಳೋ ಕರ್ಚೀಫೂ ಕಿತ್ಕೊಂಡ್ರಪ್ಪ" ಎಂದು ನಗಿಸಿ, ಬೆಂಚಿನ ಮೇಲಿನ ಗೋಡೆಗೆ ತಾವೇ ಪಿನ್ನು ಚುಚ್ಚಿದರು.

ಸೀಸನ್ನಿನುದ್ದಕ್ಕೂ ಹೊಸ ನಿಯಮದಂತೆಯೇ ಲೆಕ್ಕ ಬರೆದರು, ಒಂದು ಅಂಕೆಯೂ ಆಚೀಚೆಯಾಗಲಿಲ್ಲ. ಕಾಗದದ ಮೇಲೆ ಬರೆಯುವಷ್ಟು ಹೊತ್ತು ಎಲ್ಲವೂ ಸರಿಯೇ ಇತ್ತು.

ಕೊನೆಯ ಪಂದ್ಯ. ಇವರದು ಒಂಬತ್ತನೆಯ ಜಾಗ. ಎಂಟನೆಯವರಿಗೂ ಇವರಿಗೂ ಅಂಕ ಸಮ, ಮೂವತ್ತೆರಡು; ಹೊಡೆದ-ಬಿಟ್ಟ ಪಾಯಿಂಟುಗಳ ಅಂತರದಲ್ಲಿ ಅವರೇ ಬಹಳ ಮುಂದೆ. ಆಟ ಮುಗಿಯಲು ಒಂದು ನಿಮಿಷವೂ ಇಲ್ಲ, ಇವರು ಹದಿನೇಳು, ಎದುರಿನವರು ಇಪ್ಪತ್ಮೂರು. ಅಷ್ಟರಲ್ಲಿ ಫೋನಿನಲ್ಲಿ ಸುದ್ದಿ: ಎಂಟನೆಯವರು ಅಲ್ಲಿ ಹೀನಾಯವಾಗಿ ಸೋತಿದ್ದಾರೆ. ಇಲ್ಲಿ ಹೊತ್ತು ಮುಗಿದಿತ್ತು, ಇನ್ನು ಚೆಂಡು ಹೊರಗೆ ಹೋದರೆ ಆಟ ಮುಗಿದಂತೆ; ಆಗಲೇ ರೆಫರಿ ಇವರಿಗೆ ಪೆನಾಲ್ಟಿ ಕೊಟ್ಟ, ಎದುರಾಳಿಯ ಗೆರೆಯಿಂದ ಹದಿನೈದೇ ಹೆಜ್ಜೆ. ನುಗ್ಗಿ ಚೆಂಡನ್ನು ಗೆರೆಯಾಚೆ ನೆಲಕ್ಕೊತ್ತಿ ಐದು ಪಾಯಿಂಟಿನ ಟ್ರೈ ಹೊಡೆದು, ಮೇಲಿನ ಎರಡು ಪಾಯಿಂಟಿನ ಒದೆತವೂ ಕೂಡಿದರೆ ಗೆಲುವು.

ಕಪ್ತಾನ ಬೇಲಿಯತ್ತ ತಿರುಗಿದ.

ಕಾಗದ ಜೇಬಿನಲ್ಲಿತ್ತು, ತೆಗೆಯಲು ಹೊತ್ತಿರಲಿಲ್ಲ. ಆರು ಪಾಯಿಂಟಿನ ಸೋಲು ಅಂದರೆ ಒಂದು ಅಂಕ. ಇಪ್ಪತ್ತೈದು ವರ್ಷ ಅದು ರಕ್ತದಲ್ಲಿ ಇಳಿದುಹೋಗಿತ್ತು. ನುಗ್ಗಲು ಹೋಗಿ ಚೆಂಡು ಕಳೆದುಕೊಂಡರೆ ಎದುರಿನವರು ಇನ್ನಷ್ಟು ಹೊಡೆದು ಅದೂ ಹೋದೀತು. ತಕ್ಕಡಿಯಣ್ಣ ಒಂದು ಬೆರಳೆತ್ತಿದರು. ಆಮೇಲೆ, ಸಾಕು, ಹೊರಗೆ ಹಾಕು ಎಂದು ಕೈ ಬೀಸಿದರು.

ಕಪ್ತಾನ ಅರೆಗಳಿಗೆ ನಿಂತ. ಆ ನಿಂತದ್ದನ್ನು ಊರೆಲ್ಲ ನೋಡಿತು. ಆಮೇಲೆ ಚೆಂಡನ್ನು ಕಾಲಿಗೆ ಮುಟ್ಟಿಸಿ, ಎತ್ತಿ, ಗ್ಯಾಲರಿಯತ್ತ ಒದ್ದ. ಸೀಟಿ ಮೊಳಗಿತು. ತಕ್ಕಡಿಯಣ್ಣ ಈ ವಯಸ್ಸಿನಲ್ಲಿ ಬೇಲಿ ದಾಟಿ ಓಡಿ ಅಳಿಯನನ್ನು ತಬ್ಬಿಕೊಂಡರು. ಅವನ ಮೈ ಕಲ್ಲಾಗಿತ್ತು.

"ಮಾವ," ಅಂದ ಮೆಲ್ಲಗೆ, "ಆ ಅಂಕ ಈಗ ಕೊಡಲ್ಲ ಅಲ್ವಾ?"

ತಕ್ಕಡಿಯಣ್ಣ ಜೇಬಿನ ಕಾಗದ ತೆಗೆದು ನೋಡಿದರು. ಧ್ವನಿವರ್ಧಕದಲ್ಲಿ ಪಟ್ಟಿ ಓದಿದರು. ಪಾಯಿಂಟುಗಳ ಅಂತರದಲ್ಲಿ ಹಿಂದೆ ಬಿದ್ದು ಕ್ಲಬ್ಬು ಒಂಬತ್ತನೆಯದಾಗಿಯೇ ಉಳಿದಿತ್ತು.

ಪತ್ರಿಕೆಯವರ ಮುಂದೆ ಕಪ್ತಾನ ಹೇಳಿದ್ದು ಎರಡೇ ಮಾತು: "ನಿಯಮ ಮರೆತೆ. ತಪ್ಪು ನಂದೇ." ಮರುದಿನ ಮನೆಯ ಕಾಂಪೌಂಡಿನ ಮೇಲೆ ಯಾರೋ ಬಣ್ಣದಲ್ಲಿ ಬಾಯಿಗೆ ಬಂದದ್ದು ಬರೆದಿದ್ದರು. ಕಪ್ತಾನ ಬ್ರೆಡ್ಡು ತರಲು ಹೋದರೆ ಅಂಗಡಿಯವನು ಮುಖ ತಿರುಗಿಸಿದ. ತಕ್ಕಡಿಯಣ್ಣನ ಹೆಂಡತಿ ಬ್ರಷ್ಷು ಹಿಡಿದು ಗೋಡೆ ಉಜ್ಜುತ್ತ ಗಂಡನನ್ನು ನೋಡಿದಳು. ತಪ್ಪು ಯಾರದೆಂದು ಅವಳಿಗೆ ಗೊತ್ತಾಗಿತ್ತು.

"ನಾನು ಹೇಳಿಬಿಡ್ತೀನಿ ಕಣೋ" ಎಂದರು ತಕ್ಕಡಿಯಣ್ಣ, ಊಟದ ಮೇಜಿನಲ್ಲಿ.

"ಬೇಡ ಮಾವ. ನನ್ನ ಆಟ ಹೇಗಿದ್ರೂ ಮುಗೀತು. ನಿಮ್ಮ ಹೆಸರು ಯಾಕೆ ಹಾಳಾಗ್ಬೇಕು?"

"ಕೋಚ್ ಕೆಲ್ಸ?"

ಅವನು ತಟ್ಟೆ ಎತ್ತಿಕೊಂಡು ಒಳಗೆ ಹೋದ. ಅನ್ನಿಸಿಕೊಳ್ಳಬೇಕಾದವರು ತಾವು, ಅನ್ನಿಸಿಕೊಳ್ಳುತ್ತಿರುವವನು ಅವನು. ಆ ವಾರವಿಡೀ ತಕ್ಕಡಿಯಣ್ಣ ಲಾರಿ ನೋಡಿ ತೂಕ ಹೇಳುವುದನ್ನು ನಿಲ್ಲಿಸಿದರು.

ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಸಭೆ. ಕೆಳಗಿನ ಲೀಗಿನಲ್ಲಿ ಆಡುವ ತಂಡಕ್ಕೆ ಕೋಚ್ ಯಾರು ಎಂಬುದೇ ಚರ್ಚೆ. ಕಪ್ತಾನನ ಹೆಸರು ಬಂದದ್ದೇ ತಡ, ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ನಿಯಮಾನೇ ಗೊತ್ತಿಲ್ದೋನು ಏನ್ರೀ ಕಲಿಸ್ತಾನೆ?"

ತಕ್ಕಡಿಯಣ್ಣ ಎದ್ದು ನಿಂತರು. "ತಪ್ಪು ಅವನದಲ್ಲ, ನಂದು. ಒಂದು ಅಂಕ ಸಾಕು, ಚೆಂಡು ಹೊರಗೆ ಹಾಕು ಅಂತ ಸನ್ನೆ ಮಾಡಿದ್ದು ನಾನು. ಹಳೇ ಲೆಕ್ಕ ಹಾಕಿದೆ. ನನ್ನ ನಂಬಿ ಅವನು ಹಾಳಾದ."

ಯಾರೋ "ಪಾಪ" ಅಂದರು. "ಸಾಕಿದ ಕರುಳು, ಏನ್ ಮಾಡ್ತಾರೆ" ಅಂದರು ಇನ್ನೊಬ್ಬರು.

ಅಧ್ಯಕ್ಷರು ಬಂದು ಹೆಗಲ ಮೇಲೆ ಕೈಯಿಟ್ಟರು. "ಅಣ್ಣಾ, ಆ ಸುತ್ತೋಲೆ ಗೋಡೆಗೆ ಹಚ್ಚಿದ್ದೇ ನೀವು. ನಿಮ್ಮ ಲೆಕ್ಕ ತಪ್ಪುತ್ತೆ ಅಂದ್ರೆ ಮಕ್ಕಳೂ ನಂಬಲ್ಲ. ಕೂತ್ಕೊಳ್ಳಿ."

"ಅಯ್ಯೋ, ನಿಜ ಹೇಳ್ತಿದೀನಿ! ನೀನಾದ್ರೂ ಹೇಳೋ!" ಎಂದು ಅಳಿಯನತ್ತ ತಿರುಗಿದರು.

ಕಪ್ತಾನ ಎದ್ದ. ಮಾವನ ಮುಖ ನೋಡಲಿಲ್ಲ. "ಮಾವ ನನಗೋಸ್ಕರ ಸುಳ್ಳು ಹೇಳ್ತಿದಾರೆ. ಅವ್ರು ಯಾವ ಸನ್ನೆನೂ ಮಾಡ್ಲಿಲ್ಲ."

ಮತಕ್ಕೆ ಹಾಕಿದರು. ಕೋಚ್ ಕೆಲಸ ಹೊರಗಿನವನೊಬ್ಬನ ಪಾಲಾಯಿತು. ಸಭೆ ಕಹಿಯಾಗಿ ಮುಗಿಯಬಾರದೆಂದು ಅಧ್ಯಕ್ಷರು ಇನ್ನೊಂದು ನಿರ್ಣಯ ಓದಿದರು: ಇಪ್ಪತ್ತಾರು ವರ್ಷ ಒಂದು ದಿನವೂ ಲೆಕ್ಕ ತಪ್ಪದ ತಕ್ಕಡಿಯಣ್ಣನಿಗೆ ಕ್ಲಬ್ಬಿನ ಕೃತಜ್ಞತೆ. ತಕ್ಕಡಿಯಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಸಂತೋಷಕ್ಕೆ ಅಳುತ್ತಿದ್ದಾರೆಂದು ಜನ ತಿಳಿದರು. ಮೊದಲು ಎದ್ದು ಚಪ್ಪಾಳೆ ತಟ್ಟಿದವನು ಅಕ್ಕನ ಮಗನೇ.