ಪಕ್ಕದ ಮನೆಯವರ ಡ್ರಿಲ್ಲಿಂಗ್ ಮಿಷನ್

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗುಮಾಸ್ತರು ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ಡ್ರಿಲ್ಲಿಂಗ್ ಮಿಷನ್ ತಂದರು. ಅಂದಿನಿಂದ ಗಾರೆಯವರನ್ನು ಕಂಡರೆ ಅವರಿಗೆ ಅಸಡ್ಡೆ. "ಗೋಡೆ ಕೆಲ್ಸದಲ್ಲಿ ಕಲಿಯಾದೇನದೆ ಕಣ್ರೀ?" ಎಂದು ಕೈ ಒದರುತ್ತಿದ್ದರು. ತೂತಿನ ಆಳ ಅಳೆಯಲು ಮಿಷನ್ನಿನ ಜೊತೆ ಬಂದಿದ್ದ ಕಡ್ಡಿಯಿಂದ ಹೂಕುಂಡದ ಮಣ್ಣು ಕೆದಕುತ್ತಿದ್ದರು.

ಒಂದು ಭಾನುವಾರ ಕ್ಯಾಲೆಂಡರ್ ನೇತುಹಾಕಲೆಂದು, ಅಂಗಡಿಯಲ್ಲಿ ಸಿಕ್ಕ ಅತಿ ಉದ್ದದ ಕೊರೆಯುವ ಬಿಟ್ ಮಿಷನ್ನಿಗೆ ಸಿಕ್ಕಿಸಿ, ಎರಡೂ ಮನೆಗೆ ಒಂದೇ ಆಗಿದ್ದ ಗೋಡೆಗೆ ಒತ್ತಿದರು. ಅದು ನಮ್ಮ ಅಡುಗೆಮನೆಯೊಳಗೆ ಹೊರಬಂದು, ರೊಟ್ಟಿ ತಟ್ಟುತ್ತಿದ್ದ ಅವ್ವನ ಹಿಟ್ಟಿನ ಮೇಲೆ ಇಟ್ಟಿಗೆಪುಡಿ ಉದುರಿಸಿತು. ಗುಮಾಸ್ತರು ಓಡಿಬಂದರು. ತೂತಿಗೆ ಕಣ್ಣಿಟ್ಟು, "ಎಷ್ಟು ನೇರವಾಗಿ ಬಂದದೆ ನೋಡಿ," ಎಂದರು.

"ಬೋ ನೇರವಾಗದೆ ಸಾ," ಎಂದಳು ಅವ್ವ. "ಕೂತ್ಕಳಿ, ಈ ಹಿಟ್ಟಲ್ಲಿ ನಿಮ್ಗೇ ರೊಟ್ಟಿ ತಟ್ಕೊಡ್ತೀನಿ."