ಹನ್ನೊಂದು ವರ್ಷ ತಡವಾದ ಅಳು

ಮೆಹ್ಪಾರಾ ಖಾನಿಮ್ ನಮ್ಮ ಪತ್ರಿಕೆಗೆ ಬಂದಾಗ ಅವರಿಗೆ ನಲವತ್ತೆಂಟು ವರ್ಷ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ್ದರು. ಬಾಕುವಿನ ಗಡಿಯಾರ ರಿಪೇರಿ ಅಂಗಡಿಯೊಂದರ ಹಿಂದಿನ ಎರಡು ಕೋಣೆಗಳಲ್ಲಿ ಕೂತು ನಾವು ನಾಲ್ವರು ವರ್ಷಕ್ಕೆ ನಾಲ್ಕು ಸಂಚಿಕೆ ತರುತ್ತಿದ್ದೆವು. ನಮ್ಮ ಹಾಡು, ಅಡುಗೆ, ಹಳೆಯ ಮನೆಗಳ ಬಗ್ಗೆ ಹೊರದೇಶದವರಿಗಾಗಿ ಇಂಗ್ಲಿಷಿನಲ್ಲಿ. ನಾನು ಪುಟ ಜೋಡಿಸುವವಳು, ಅವರು ಅನುವಾದಿಸುವವರು. ಒಂದೇ ಶಬ್ದಕ್ಕೆ ಇಡೀ ಬೆಳಿಗ್ಗೆ ಕಳೆಯುತ್ತಿದ್ದರು. ಸಂಪಾದಕ ರೌಫ್ ಗೊಣಗಿದರೆ, “ಅವರಿಗೆ ನಾವು ಕಾಣೋದು ಈ ಒಂದು ಕಿಟಕೀಲಿ. ಗಾಜು ಒರೆಸ್ಬೇಡ್ವಾ?” ಎನ್ನುತ್ತಿದ್ದರು.

ಅವರ ತಮ್ಮ ಎಲ್ಷಾದ್ ಸಮುದ್ರದ ನಡುವಿನ ತೈಲಬಾವಿಯಲ್ಲಿ ಕೆಲಸಕ್ಕಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಚಳಿಗಾಲದ ಬಿರುಗಾಳಿಗೆ ಸಿಕ್ಕಿ ನೀರುಪಾಲಾದ. ಹೆಣ ಸಿಗಲಿಲ್ಲ. ತಾಯಿ ಜರೀಫಾ ಸೂತಕದ ಚಪ್ಪರ ಹಾಕಲು ಬಿಡಲಿಲ್ಲ, ಸತ್ತವರ ಹೆಸರಿನಲ್ಲಿ ಹಂಚುವ ಹಲ್ವವನ್ನೂ ಮಾಡಲಿಲ್ಲ. ಮುಖ ನೋಡದೆ ನನ್ನ ಮಗನನ್ನು ಸಾಯಿಸಬೇಡಿ ಎಂದು ಬಂದ ನೆಂಟರನ್ನೆಲ್ಲ ಬಾಗಿಲಿಂದಲೇ ಕಳಿಸಿದರು. ಅಂದಿನಿಂದ ಆ ಮನೆಯಲ್ಲಿ ಎಲ್ಷಾದ್ ‘ಇದ್ದಾನೆ’, ‘ಬರ್ತಾನೆ’. ಮಕ್ಕಳಿಗೆ ವ್ಯಾಕರಣ ತಿದ್ದಿದ ಮೆಹ್ಪಾರಾ ಕೂಡ ತಮ್ಮನ ಬಗ್ಗೆ ಮಾತಾಡುವಾಗ ಭೂತಕಾಲ ಬಳಸಿದ್ದನ್ನು ನಾನು ಕೇಳಿರಲಿಲ್ಲ.

ಒಮ್ಮೆ ರೌಫ್ ಸಾವಿನ ಹಾಡುಗಳ ಬಗ್ಗೆ ಸಂಚಿಕೆ ಮಾಡಬೇಕೆಂದರು. ಶಮಾಖಿ ಕಡೆಯ ಬೆಟ್ಟದ ಹಳ್ಳಿಯಲ್ಲಿ ಸೆನೆಮ್ ಎಂಬ ಮುದುಕಿ ಇದ್ದಳು. ಸುತ್ತ ಎಲ್ಲಿ ಸಾವಾದರೂ ಹಾಡಿ ಅಳಲು ಅವಳನ್ನೇ ಕರೆಯುತ್ತಿದ್ದರು. ಅವಳ ಹಾಡು ತರಲು ಬೇರೆ ಯಾರನ್ನಾದರೂ ಕಳಿಸಿ ಎಂದು ಮೆಹ್ಪಾರಾ ಎರಡು ಸಲ ಕೇಳಿಕೊಂಡರು. ಬೇರೆ ಯಾರೂ ಇರಲಿಲ್ಲ. ರೆಕಾರ್ಡರ್ ಹಿಡಿದುಕೊಂಡು ನಾನು ಜೊತೆಗೆ ಹೋದೆ.

ಸೆನೆಮ್ ನಮಗೆ ಚಹಾ ಕೊಟ್ಟಳು, ಎಳೆ ಅಕ್ರೋಟಿನ ಮುರಬ್ಬ ಕೊಟ್ಟಳು. ಹಾಡಲು ಮಾತ್ರ ಒಪ್ಪಲಿಲ್ಲ.

“ಸತ್ತವರಿಲ್ದೆ ಹಾಡಿದ್ರೆ ಬದುಕಿರೋರನ್ನ ಸಾವಿಗೆ ಕರೆದ ಹಾಗೆ, ಮಗಳೇ. ನನ್ನ ಕೈಲಾಗಲ್ಲ.”

ವಾತಾವರಣ ತಿಳಿಯಾಗಲೆಂದು ನಾನು, “ಹಾಗಾದ್ರೆ ನಮ್ಮ ಸಂಪಾದಕರ ಹೆಸರು ಹಾಕಿ ಹಾಡಿ ಅಜ್ಜಿ, ಅವರ ಕಾಟ ತಾಳೋಕಾಗ್ತಿಲ್ಲ,” ಎಂದೆ. ಮುದುಕಿ ಹೊಟ್ಟೆ ಹಿಡಿದು ನಕ್ಕಳು. ನಗು ನಿಂತ ಮೇಲೆ ಮೆಹ್ಪಾರಾರ ಮುಖವನ್ನೇ ನೋಡಿದಳು.

“ನೀನು ನಗಲಿಲ್ಲ. ನಿಂಗ್ಯಾರು ಹೋಗಿದಾರೆ?”

ಮೆಹ್ಪಾರಾ ಚಹಾದ ಲೋಟ ಕೆಳಗಿಟ್ಟರು. “ತಮ್ಮ,” ಎಂದರು. “ಎಲ್ಷಾದ್ ಅಂತ ಒಬ್ಬ ತಮ್ಮ ಇದ್ದ.”

ಸೆನೆಮ್ ಅವಸರ ಮಾಡಲಿಲ್ಲ. ಅವನ ಎತ್ತರ ಎಷ್ಟು, ಏನು ಇಷ್ಟಪಟ್ಟು ತಿನ್ನುತ್ತಿದ್ದ, ಕೊನೆಯ ಸಲ ಹೋಗುವಾಗ ಏನು ತೊಟ್ಟಿದ್ದ ಎಂದು ಒಂದೊಂದಾಗಿ ಕೇಳಿದಳು. ತಾನೇ ಹೆಣೆದ ನೀಲಿ ಸ್ವೆಟರ್, ಅದರ ಎಡತೋಳು ಸ್ವಲ್ಪ ಉದ್ದ ಎಂದರು ಮೆಹ್ಪಾರಾ. ಮುದುಕಿ ತಲೆವಸ್ತ್ರದ ಗಂಟು ಬಿಚ್ಚಿ, ಅಕ್ಕನ ದನಿಯಲ್ಲಿ ಶುರುಮಾಡಿದಳು:

ಕಡಲೇ, ನಿನ್ನ ಅಗಲ ಅಳೆದವರಿಲ್ಲ,
ನನ್ನ ಎಲ್ಷಾದನ ಹೆಗಲಿನಗಲ ನಾನು ಬಲ್ಲೆ.
ಅವನ ಮೈಗೆ ನೂಲು ಹೆಣೆದವಳು ನಾನು,
ಉದ್ದವಾದ ಆ ತೋಳನ್ನಾದರೂ ಕೊಡು.

ಮೆಹ್ಪಾರಾ ಮುದುಕಿಯ ಮಡಿಲಿಗೆ ಕುಸಿದರು. ರೆಕಾರ್ಡರ್ ಆರಿಸಬೇಕೆಂಬುದು ನನಗೆ ಹೊಳೆಯಲೇ ಇಲ್ಲ.

ವಾಪಸು ಬಂದ ಮೇಲೆ ಮೂರು ವಾರ ಅನುವಾದ ಒಂದು ಸಾಲೂ ಮುಂದೆ ಹೋಗಲಿಲ್ಲ. ಬಿಟ್ಟುಬಿಡಿ ಎಂದು ರೌಫ್ ಕೂಡ ಹೇಳಿದರು. ಬಿಡುವುದು ಬೇಡ, ಆದರೆ ಅಮ್ಮ ಕೇಳದ್ದನ್ನು ಊರಾಚೆಯವರಿಗೆ ಹೇಗೆ ಕಳಿಸಲಿ ಎಂದರು ಮೆಹ್ಪಾರಾ. ಒಂದು ಭಾನುವಾರ ಧೈರ್ಯಕ್ಕೆ ನನ್ನನ್ನೂ ಮನೆಗೆ ಕರೆದೊಯ್ದರು.

ಜರೀಫಾ ಅಕ್ಕಿಯಲ್ಲಿನ ಕಲ್ಲು ಹೆಕ್ಕುತ್ತಿದ್ದರು. ಮೆಹ್ಪಾರಾ ರೆಕಾರ್ಡರ್ ಹಾಕಿದರು. ಹಾಡಿನಲ್ಲಿ ಮಗನ ಹೆಸರು ಕೇಳಿಸಿದ್ದೇ, “ಆರಿಸು ಅದನ್ನ,” ಎಂದರು. ಮೆಹ್ಪಾರಾ ಕೈಚಾಚಿದಾಗ, “ಬೇಡ, ಇರ್ಲಿ,” ಎಂದರು. ಪೂರ್ತಿ ಕೇಳಿದರು.

“ತೋಳಿನ ವಿಷ್ಯ ಅವಳಿಗೆ ಯಾರು ಹೇಳಿದ್ದು?”

“ನಾನೇ ಅಮ್ಮ. ಅವನು ತೀರಿಕೊಂಡ ಅಂತ್ಲೂ ನಾನೇ ಹೇಳ್ದೆ.”

ಜರೀಫಾ ಮಗಳಿಗೆ ಹೊಡೆಯುತ್ತಾರೇನೋ ಎಂದು ನನಗೆ ಭಯವಾಯಿತು. ಅವರು ತಮ್ಮ ಮೊಣಕಾಲನ್ನೇ ಎರಡೂ ಕೈಯಿಂದ ಬಡಿದುಕೊಂಡು ಅಳತೊಡಗಿದರು. ಅಕ್ಕಿ ಕೋಣೆಯ ತುಂಬ ಚೆಲ್ಲಿತು. ಗುರುವಾರ ಅವರೇ ಬೆಣ್ಣೆಯಲ್ಲಿ ಹಿಟ್ಟು ಹುರಿದು ಹಲ್ವ ಮಾಡಿ, ಅಂಗಳದ ನೆರೆಹೊರೆಯವರನ್ನು ಕರೆದರು. ಹನ್ನೊಂದು ವರ್ಷದ ಹಿಂದೆ ಬಾಗಿಲಿಂದಲೇ ವಾಪಸಾಗಿದ್ದ ನೆಂಟರೂ ಬಂದರು.

ಸಂಚಿಕೆ ಎರಡು ವಾರ ತಡವಾಗಿ ಹೊರಬಂತು. ಅನುವಾದದಲ್ಲಿ ಎಲ್ಷಾದನ ಹೆಸರನ್ನು ಮೆಹ್ಪಾರಾ ಹಾಗೆಯೇ ಉಳಿಸಿದ್ದರು. ಪೋರ್ಚುಗಲ್ಲಿನಿಂದ ಮೀನುಗಾರನ ಹೆಂಡತಿಯೊಬ್ಬಳು ಬರೆದಳು, ತನ್ನ ಗಂಡನೂ ಸಮುದ್ರದಿಂದ ಬರಲಿಲ್ಲ, ಆ ಅಜ್ಜಿ ಅವನಿಗಾಗಿಯೂ ಹಾಡುವರೇ ಎಂದು. ಮೆಹ್ಪಾರಾ ಫೋನಿನಲ್ಲಿ ಅದನ್ನು ಸೆನೆಮ್‌ಗೆ ಓದಿ ಹೇಳಿದರು.

“ಅಷ್ಟು ದೂರದಿಂದ ಬರೋಕಾಗುತ್ತಾ ಪಾಪ,” ಎಂದಳು ಮುದುಕಿ. “ಬಂದ್ರೆ ಚೆರಿ ಹಣ್ಣಿನ ಕಾಲದಲ್ಲಿ ಬರಕ್ಕೆ ಹೇಳು. ದಾರಿ ಒಣಗಿರುತ್ತೆ.”